ನಾಳ ತೆರೆದ ಮೇಲೆ

1977ರ ಸೆಪ್ಟೆಂಬರ್ 16. ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯ ಮೇಜಿನ ಮೇಲೆ ಅಡಾಲ್ಫ್ ಬಾಖ್‌ಮನ್ ಎಂಬ ವಿಮಾ ಏಜೆಂಟರು ಪೂರ್ತಿ ಎಚ್ಚರದಲ್ಲೇ ಮಲಗಿದ್ದರು. ವಯಸ್ಸು 38. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಧಮನಿ ಒಂದೇ ಒಂದು ಕಡೆ ಕಿರಿದಾಗಿತ್ತು. ಎದೆನೋವು ಬಿಡದೆ ಕಾಡುತ್ತಿತ್ತು. ಆ ಕಾಲದಲ್ಲಿ ಅದಕ್ಕಿದ್ದ ದೊಡ್ಡ ಚಿಕಿತ್ಸೆ ಎಂದರೆ ಎದೆ ಸೀಳಿ ಮಾಡುವ ಬೈಪಾಸ್. ಬಾಖ್‌ಮನ್‌ರಷ್ಟೇ ವಯಸ್ಸಿನ ವೈದ್ಯರೊಬ್ಬರು ಬಂದು ಬೇರೆ ದಾರಿಯೊಂದಿದೆ, ಆದರೆ ಇದುವರೆಗೆ ಯಾರಿಗೂ ಮಾಡಿಲ್ಲ ಎಂದರು. ಆ ವೈದ್ಯರು ಆಂಡ್ರಿಯಾಸ್ ಗ್ರುಂಟ್‌ಜಿಗ್. ಹೆಂಡತಿ, ಸಹಾಯಕಿ ಮತ್ತು ಆಕೆಯ ಗಂಡನ ಜೊತೆ ಮನೆಯ ಅಡುಗೆಮನೆಯಲ್ಲಿ ಕೂತು, ಪ್ಲಾಸ್ಟಿಕ್ ಕೊಳವೆಯ ತುದಿಗೆ ಪುಟ್ಟ ಬಲೂನು ಕೂರಿಸುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದ್ದರು. ಬಾಖ್‌ಮನ್ ಒಪ್ಪಿದರು.

ತೊಡೆಯ ಸಂದಿನಿಂದ ಕೊಳವೆ ಹೃದಯಕ್ಕೆ ಹೋಯಿತು. ಕಿರಿದಾದ ಜಾಗದಲ್ಲಿ ಬಲೂನನ್ನು ಎರಡು ಸಲ ಉಬ್ಬಿಸಿ ಇಳಿಸಲಾಯಿತು. ಏನಾದರೂ ಎಡವಟ್ಟಾದರೆ ಎಂದು ಶಸ್ತ್ರಚಿಕಿತ್ಸಕರ ತಂಡ ಸಜ್ಜಾಗಿ ಕಾಯುತ್ತಿತ್ತು. ಏನೂ ಆಗಲಿಲ್ಲ. ಹೃದಯದ ಬಡಿತ ತಪ್ಪಲಿಲ್ಲ, ಎದೆನೋವೂ ಬರಲಿಲ್ಲ, ನಾಳ ತೆರೆದುಕೊಂಡಿತು. ಹತ್ತು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗಲೂ ಆ ನಾಳ ತೆರೆದೇ ಇತ್ತು. 23 ವರ್ಷಗಳ ನಂತರವೂ ಅವರು ಚೆನ್ನಾಗಿಯೇ ಇದ್ದರೆಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ಗ್ರುಂಟ್‌ಜಿಗ್ ಮಾತ್ರ ಅದನ್ನೆಲ್ಲ ನೋಡಲಿಲ್ಲ. 1985ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಈ ಮೊದಲ ಕಥೆ ಇಷ್ಟು ಚೆಂದವಾಗಿದ್ದದ್ದೇ ಒಂದು ತೊಡಕಾಯಿತೇನೋ ಎಂದು ನನಗೆ ಅನ್ನಿಸಿದೆ. ನಾಳ ಕಟ್ಟಿತ್ತು, ತೆರೆದರು, ಮುಗಿಯಿತು ಎಂಬ ಚಿತ್ರ ಎಲ್ಲರ ತಲೆಯಲ್ಲಿ ನಿಂತುಬಿಟ್ಟಿತು. ನಮ್ಮ ಮನೆಗಳಲ್ಲೂ ಮಾತು ಹೀಗೇ ಬರುತ್ತದೆ: ‘ಮೂರು ಬ್ಲಾಕ್ ಇತ್ತಂತೆ, ಎಲ್ಲ ಕ್ಲಿಯರ್ ಮಾಡಿದಾರಂತೆ.’ ಬಚ್ಚಲ ಪೈಪಿನಲ್ಲಿ ಸಿಕ್ಕಿದ ಕಸ ತೆಗೆದು ಕೈತೊಳೆದುಕೊಂಡ ಹಾಗೆ. ಧಮನಿ ಹಾಗಲ್ಲ. ಅದು ಜೀವವಿರುವ ಅಂಗಾಂಶ. ಕೊಬ್ಬು ಕೂತಿರುವುದು ಟೊಳ್ಳಿನೊಳಗಲ್ಲ, ಗೋಡೆಯ ಪದರಗಳ ಒಳಗೆ. ಬಲೂನು ಅದನ್ನು ತೆಗೆದುಹಾಕುವುದಿಲ್ಲ. ಗೋಡೆಯನ್ನು ಹಿಗ್ಗಿಸಿ, ಅಲ್ಲಲ್ಲಿ ಸೀಳಿ, ಪಕ್ಕಕ್ಕೆ ಒತ್ತುತ್ತದೆ. ಎಂದರೆ ಈ ಬಲೂನು ಚಿಕಿತ್ಸೆ, ಅಂದರೆ ಆಂಜಿಯೋಪ್ಲಾಸ್ಟಿ, ಬೇಕೆಂದೇ ಮಾಡುವ ಗಾಯ. ಆ ಗಾಯ ಹೇಗೆ ಮಾಯುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಗ್ರುಂಟ್‌ಜಿಗ್ 1979ರಲ್ಲಿ ತಮ್ಮ ಮೊದಲ 50 ರೋಗಿಗಳ ಲೆಕ್ಕ ಕೊಟ್ಟಾಗ ಕೈಗೂಡಿದ್ದು 32 ಮಂದಿಯಲ್ಲಿ. ಕೈಗೂಡಿದವರಲ್ಲೂ ಮೂರರಲ್ಲೊಂದು ಪಾಲಿನಷ್ಟು ಜನಕ್ಕೆ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಹಿಗ್ಗಿಸಿದ ಗೋಡೆ ತಾನಾಗಿ ಕುಗ್ಗುವುದು ಒಂದು ಕಾರಣ. ಗಾಯ ಮಾಯುವ ಭರದಲ್ಲಿ ಗೋಡೆಯ ಸ್ನಾಯುಕೋಶಗಳು ಮಿತಿಮೀರಿ ಬೆಳೆಯುವುದು ಇನ್ನೊಂದು. ಕುಗ್ಗದಂತೆ ಒಳಗಿನಿಂದ ಆನಿಸಿ ಹಿಡಿಯುವ ಲೋಹದ ಬಲೆಯನ್ನು, ಅಂದರೆ ಸ್ಟೆಂಟನ್ನು, 1986ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಜಾಕ್ ಪ್ಯುಯೆಲ್ ಮತ್ತು ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಉಲ್ರಿಚ್ ಸಿಗ್ವಾರ್ಟ್ ಮೊದಲು ಕೂರಿಸಿದರು. ಮೊದಲ ತೊಂದರೆ ತಪ್ಪಿತು, ಎರಡನೆಯದು ಉಳಿಯಿತು. ಬಲೆಯ ಕಣ್ಣುಗಳ ನಡುವಿನಿಂದಲೇ ಕೋಶಗಳು ಬೆಳೆದು ಬರುತ್ತಿದ್ದವು.

ಅದಕ್ಕೆ ಮದ್ದು ಸಿಕ್ಕಿದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ. 1964ರಲ್ಲಿ ಕೆನಡಾದ ತಂಡವೊಂದು ಅಲ್ಲಿಂದ ತಂದ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ರಾಪಮೈಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದ ತಂಡದ ಮುಂದಾಳು ಸುರೇಂದ್ರನಾಥ್ ಸೆಹಗಲ್, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರಿದ್ದ ಔಷಧ ಕಂಪನಿ ಈ ಕೆಲಸ ಕೈಬಿಟ್ಟಾಗ ಅವರು ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. ಕೋಶಗಳು ವಿಭಜನೆಯಾಗದಂತೆ ತಡೆಯುವ ಈ ವಸ್ತುವನ್ನು ಸ್ಟೆಂಟಿಗೆ ಲೇಪಿಸಿದರೆ ನಾಳ ಮತ್ತೆ ಕಟ್ಟುವುದು ಬಹಳ ಕಡಿಮೆಯಾಗುತ್ತದೆ. ಇಂಥ ಸ್ಟೆಂಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಅದೇ ವರ್ಷದ ಆರಂಭದಲ್ಲಿ ಸೆಹಗಲ್ ತೀರಿಕೊಂಡರು.

ಆದರೆ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಔಷಧ ಬೇಕಾದ ಬೆಳವಣಿಗೆಯನ್ನೂ ನಿಧಾನಿಸುತ್ತದೆ. ನಾಳದ ಒಳಮೈಗೆ ತೆಳುವಾದ ಕೋಶಪದರವೊಂದಿದೆ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಸ್ಟೆಂಟಿನ ತಂತಿಗಳ ಮೇಲೆ ಆ ಪದರ ಹಬ್ಬಿಕೊಳ್ಳುವವರೆಗೆ, ರಕ್ತದ ಪಾಲಿಗೆ ಅದು ಪರಕೀಯ ಲೋಹ. ಹಬ್ಬಿಕೊಳ್ಳಲು ತಿಂಗಳುಗಳು ಬೇಕು. ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಯಲ್ಲಿ, ಅಂದರೆ ಕ್ಯಾಥ್ ಲ್ಯಾಬಿನಲ್ಲಿ, ಮುಕ್ಕಾಲು ಗಂಟೆಯಲ್ಲಿ ಮುಗಿದ ಕೆಲಸದ ಉಳಿದ ಭಾಗ ಹೀಗೆ ಮನೆಯಲ್ಲಿ, ವೈದ್ಯರು ನೋಡದ ಜಾಗದಲ್ಲಿ ನಡೆಯುತ್ತದೆ. ಅದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನ ತಕರಾರು ಅದೇ.

ಕ್ಯಾಥ್ ಲ್ಯಾಬಿನ ಹೊರಗೆ ಕೂತವರನ್ನು ಒಮ್ಮೆ ನೋಡಬೇಕು. ಗಂಡನ ವಾಚು, ಉಂಗುರ, ಕನ್ನಡಕ ಇರುವ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿ ಹಿಡಿದ ಹೆಂಡತಿ. ಆಧಾರ್, ರೇಷನ್ ಕಾರ್ಡುಗಳ ಜೆರಾಕ್ಸ್ ಹಿಡಿದು ಆಯುಷ್ಮಾನ್ ಕೌಂಟರಿಗೂ ಬಿಲ್ಲಿಂಗಿಗೂ ಓಡಾಡುವ ಮಗ. ಹಿಂದಿನ ರಾತ್ರಿ ಎದೆಯುರಿ ಎಂದಾಗ ‘ಗ್ಯಾಸ್ಟ್ರಿಕ್ ಇರಬೇಕು, ಜೀರಿಗೆ ನೀರು ಕುಡಿ’ ಎಂದದ್ದನ್ನು ನೆನೆದು ಒಳಗೊಳಗೇ ಬೇಯುವ ಅಣ್ಣ. ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಹಸಿರು ಗೌನಿನ ವೈದ್ಯರು ಪರದೆಯ ಮೇಲೆ ಕಪ್ಪು ಬಳ್ಳಿಯಂಥ ನಾಳವನ್ನು ತೋರಿಸುತ್ತಾರೆ. ‘ಇಲ್ಲಿ ನೋಡಿ, ತೊಂಬತ್ತು ಪರ್ಸೆಂಟ್ ಬ್ಲಾಕ್. ಈಗಲೇ ಸ್ಟೆಂಟ್ ಹಾಕಿಬಿಡೋಣ. ಸೈನ್ ಮಾಡಿ.’ ಮಗ ದಾವಣಗೆರೆಯ ಚಿಕ್ಕಪ್ಪನಿಗೆ ಫೋನು ಹಚ್ಚುತ್ತಾನೆ. ಚಿಕ್ಕಪ್ಪ ಇನ್ನೊಬ್ಬ ಡಾಕ್ಟರನ್ನು ಕೇಳೋಣ ಅನ್ನುತ್ತಾರೆ. ಹೆಂಡತಿ ಯಾರ ಮುಖ ನೋಡುವುದೋ ತಿಳಿಯದೆ ನಿಂತಿರುತ್ತಾಳೆ.

ಇಂಥ ಹೊತ್ತಿನಲ್ಲಿ ಮನೆಯವರಿಗೆ ಗೊತ್ತಿರಬೇಕಾದ ಸಂಗತಿ ಒಂದೇ: ಇದು ಈಗ ನಡೆಯುತ್ತಿರುವ ಹೃದಯಾಘಾತವೋ, ಅಥವಾ ನಡೆದಾಗ ಬಂದು ಕೂತಾಗ ಹೋಗುವ, ತಿಂಗಳುಗಳಿಂದಿರುವ ಎದೆನೋವೋ? ಮೊದಲನೆಯದಾದರೆ ಚರ್ಚೆಗೆ ಸಮಯವಿಲ್ಲ. ನಾಳ ಪೂರ್ತಿ ಮುಚ್ಚಿದಾಗ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷದೊಳಗೆ ನಾಳ ತೆರೆಯಬೇಕೆಂಬ ಗುರಿ ಇರುವುದು ಅದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾಥ್ ಲ್ಯಾಬ್ ಇಲ್ಲದಿದ್ದರೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಕ್ಕೆ ಇಸಿಜಿ ಕಳಿಸಿ, ಅಲ್ಲಿನ ತಜ್ಞರು ಹೌದೆಂದರೆ ಆ ದುಬಾರಿ ಮದ್ದನ್ನು ಉಚಿತವಾಗಿ ಹಾಕುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಅದಕ್ಕೆ ನಟ ಪುನೀತ್ ರಾಜ್‌ಕುಮಾರ್ ಹೆಸರಿಟ್ಟಿದ್ದಾರೆ. ಈ ಸೌಲಭ್ಯ ಹತ್ತಿರದಲ್ಲೇ ಇದ್ದೂ ಜನ ಗ್ಯಾಸಿನ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಎರಡನೆಯದಾದರೆ, ಅಂದರೆ ಸ್ಥಿರವಾದ ಎದೆನೋವಾದರೆ, ಸಾಮಾನ್ಯವಾಗಿ ಯೋಚಿಸಲು ಸಮಯವಿದೆ. 37 ದೇಶಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ‘ಇಸ್ಕೀಮಿಯಾ’ ಎಂಬ ಅಧ್ಯಯನದ ಫಲಿತಾಂಶ 2019ರ ಕೊನೆಗೆ ಬಂತು. ಮಾತ್ರೆಗಳ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಮಾತ್ರೆಗಳಲ್ಲೇ ಮುಂದುವರಿದವರಿಗೂ ಸಾವಿನಲ್ಲಿ, ಒಟ್ಟು ಹೃದಯಾಘಾತಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗುವುದರಲ್ಲಿ ಸ್ಟೆಂಟ್ ಮುಂದಿತ್ತು. ಎಡ ಮುಖ್ಯ ಧಮನಿಯೇ ಕಿರಿದಾದವರು, ಹೃದಯ ತುಂಬ ದುರ್ಬಲವಾದವರು ಆ ಲೆಕ್ಕದಲ್ಲಿ ಇರಲಿಲ್ಲ. ಆದ್ದರಿಂದ ‘ಇದು ಎಮರ್ಜೆನ್ಸಿಯಾ?’ ಎಂದು ಕೇಳುವುದು ವೈದ್ಯರಿಗೆ ತೋರುವ ಅಗೌರವವಲ್ಲ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ನಿಂತು ಉತ್ತರ ಹೇಳುತ್ತಾರೆ.

ಹಣದ ಮಾತೂ ಇಲ್ಲಿ ಬರಲೇಬೇಕು. ಔಷಧಲೇಪಿತ ಸ್ಟೆಂಟಿಗೆ ಒಂದು ಕಾಲದಲ್ಲಿ ಲಕ್ಷಕ್ಕೂ ಮೀರಿ ಬೆಲೆಯಿತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿಯ ಮಿತಿ ಹಾಕಿತು. ಎಷ್ಟೋ ಕುಟುಂಬಗಳು ಹೊಲ ಅಡವಿಡುವುದನ್ನು ಆ ಒಂದು ಆದೇಶ ತಪ್ಪಿಸಿದೆ.

ಒಳಗೆ ಮಲಗಿದವರ ಅನುಭವ ಬೇರೆ. ಈಗ ಹೆಚ್ಚಾಗಿ ಮಣಿಕಟ್ಟಿನ ನಾಡಿಯಿಂದಲೇ ಕೊಳವೆ ಹಾಕುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ನಾಳ ಕಾಣಿಸಲೆಂದು ಬಿಡುವ ಡೈ ಹೋದಾಗ ಮೈಯೆಲ್ಲ ಬೆಚ್ಚಗೆ ಹಬೆಯಾಡಿದಂತಾಗುತ್ತದೆ. ಬಲೂನು ಉಬ್ಬಿದ ಕೆಲವು ಸೆಕೆಂಡುಗಳು ಎದೆ ಹಿಂಡಬಹುದು, ಯಾಕೆಂದರೆ ಅಷ್ಟು ಹೊತ್ತು ನಾಳ ಪೂರ್ತಿ ಮುಚ್ಚಿರುತ್ತದೆ. ಆ ನೋವಿನ ಬಗ್ಗೆ ಮೊದಲೇ ಹೇಳಿದ್ದರೆ ರೋಗಿ ತಡೆದುಕೊಳ್ಳುತ್ತಾರೆ, ಹೇಳದಿದ್ದರೆ ಪ್ರಾಣ ಹೋಯಿತೆಂದೇ ಅಂದುಕೊಳ್ಳುತ್ತಾರೆ. ಅಟ್ಯಾಕ್ ಆದಾಗ ನಾಳ ತೆರೆದ ಕೂಡಲೇ ಎದೆಯ ಭಾರ ಇಳಿಯುವುದನ್ನು ಬಹಳ ಜನ ವಿಸ್ಮಯದಿಂದ ನೆನೆಯುತ್ತಾರೆ. ಆಮೇಲೆ ಮಣಿಕಟ್ಟಿಗೆ ಬಿಗಿಪಟ್ಟಿ, ಐಸಿಯುವಿನಲ್ಲಿ ರಾತ್ರಿಯಿಡೀ ಟಕ್ ಟಕ್ ಸದ್ದು, ಎರಡು ಮೂರು ದಿನಕ್ಕೆ ಡಿಸ್ಚಾರ್ಜ್. ಕೈಯಲ್ಲಿ ಒಂದು ಸಿಡಿ, ಉದ್ದನೆಯ ಮಾತ್ರೆಯ ಚೀಟಿ.

ನಮ್ಮ ಭಾವ ಹಾಗೆ ಮನೆಗೆ ಬಂದಾಗ ನೋಡಲು ಬಂದವರೆಲ್ಲ ‘ಏನೂ ಆಗಿಲ್ಲ ಬಿಡಿ, ಆರಾಮಾಗಿದೀರಿ’ ಎಂದರು. ಎದೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ, ಮಣಿಕಟ್ಟಿನಲ್ಲಿ ನೀಲಿಗಟ್ಟಿದ ಒಂದು ಕಲೆ ಅಷ್ಟೆ. ಅವರು ಎಡಮಗ್ಗುಲಿಗೆ ಮಲಗುವುದನ್ನೇ ಬಿಟ್ಟರು, ಸ್ಟೆಂಟು ಜಾರಿದರೆ ಎಂಬ ಭಯ. ಕೆಮ್ಮು ಬಂದರೂ ಎದೆ ಹಿಡಿದುಕೊಳ್ಳುತ್ತಿದ್ದರು. ಅಕ್ಕನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಕತ್ತಲಲ್ಲಿ ಎದ್ದು ಕೂತು ಗಂಡನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಹಗಲಲ್ಲಿ ಅವರು ಒಂದು ಬಕೆಟ್ ನೀರು ಎತ್ತಿದರೂ ಕೂಗುತ್ತಿದ್ದಳು. ಉಪ್ಪಿನಕಾಯಿ, ಹಪ್ಪಳ, ಕರಿದದ್ದೆಲ್ಲ ಮನೆಯಿಂದ ಹೋದವು. ಸಾರಿಗೆ ಉಪ್ಪೇ ಇಲ್ಲವೆಂದು ಅವರು ತಟ್ಟೆ ಸರಿಸಿದ ದಿನ ಅಕ್ಕ ಹಿತ್ತಲಲ್ಲಿ ನಿಂತು ಅತ್ತಳು. ಅವರ ಎದೆಯ ಒಳಗೆ ಏನಾಗಿದೆ ಎಂದು ಕೇಳಲು ವೈದ್ಯರಿದ್ದರು. ಅಕ್ಕನಿಗೆ ಏನಾಗಿದೆ ಎಂದು ಯಾರೂ ಕೇಳಿರಲಿಲ್ಲ.

ಸ್ಟೆಂಟ್ ಜಾರುವುದಿಲ್ಲ. ಅದನ್ನು ವಾತಾವರಣದ ಒತ್ತಡದ ಹತ್ತು ಹದಿನೈದು ಪಟ್ಟು ಒತ್ತಡದಲ್ಲಿ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ಮುಂದೆ ಅದರ ಮೇಲೆ ಕೋಶಗಳು ಬೆಳೆದು ಅದು ಗೋಡೆಯದೇ ಭಾಗವಾಗುತ್ತದೆ. ಕೆಮ್ಮು, ಸೀನು, ಮಗ್ಗುಲು ಯಾವುದೂ ಅದನ್ನು ಅಲುಗಿಸದು. ವಿಮಾನ ನಿಲ್ದಾಣದ ಲೋಹಶೋಧಕದ ಅಡಿ ನಡೆಯಬಹುದು, ಈಗಿನ ಸ್ಟೆಂಟ್‌ಗಳಿದ್ದರೆ ಎಂಆರ್‌ಐ ಕೂಡ ಮಾಡಿಸಬಹುದು. ಮೊದಲ ದಿನಗಳಲ್ಲಿ ಎದೆಯೊಳಗೆ ಸಣ್ಣಗೆ ಎಳೆದಂತಾಗುವುದು ಎಷ್ಟೋ ಜನಕ್ಕೆ ಇರುತ್ತದೆ. ಹಿಗ್ಗಿದ ನಾಳದ ಗೋಡೆಯ ನೋವದು, ಕ್ರಮೇಣ ಹೋಗುತ್ತದೆ. ಅಪಾಯದ ನೋವು ಬೇರೆ ಥರ: ಮೊದಲ ಅಟ್ಯಾಕಿನಂತೆಯೇ ಎದೆ ಹಿಂಡುವುದು, ಬೆವರು, ಉಸಿರುಗಟ್ಟುವುದು, ತೋಳಿಗೋ ದವಡೆಗೋ ಹಬ್ಬುವುದು. ಹಾಗಾದರೆ ಕೂತು, ವೈದ್ಯರು ಬರೆದುಕೊಟ್ಟಿದ್ದರೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟು, 108ಕ್ಕೆ ಫೋನ್ ಮಾಡಬೇಕು. ಇಷ್ಟನ್ನು ಡಿಸ್ಚಾರ್ಜಿನ ದಿನ ಐದು ನಿಮಿಷ ಕೂತು ಹೇಳಿದ್ದರೆ ಅಕ್ಕ ನಿದ್ದೆ ಮಾಡುತ್ತಿದ್ದಳು.

ನಿಜವಾಗಿ ಭಯಪಡಬೇಕಾದದ್ದು ಮಾತ್ರೆ ತಪ್ಪಿಸುವುದಕ್ಕೆ. ಆಸ್ಪಿರಿನ್ ಮತ್ತು ಅದರ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್, ಈ ಎರಡು ಮಾತ್ರೆಗಳೂ ರಕ್ತದ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಲೋಹಕ್ಕೆ ಅಂಟಿ ಹೆಪ್ಪಾಗದಂತೆ ಕಾಯುತ್ತವೆ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡನ್ನೂ ಕೊಡುತ್ತಾರೆ, ಆಮೇಲೆ ಹೆಚ್ಚಿನವರಿಗೆ ಒಂದು ಜೀವನಪರ್ಯಂತ. ಹೊಸ ಸ್ಟೆಂಟಿನೊಳಗೆ ಹೆಪ್ಪುಗಟ್ಟುವುದು ಅಪರೂಪ. ಆದರೆ ಹೆಪ್ಪುಗಟ್ಟಿದರೆ ಐವರಲ್ಲಿ ಒಬ್ಬರಾದರೂ ಬದುಕುವುದಿಲ್ಲ, ಮತ್ತು ಅದಕ್ಕೆ ದೊಡ್ಡ ಕಾರಣಗಳಲ್ಲೊಂದು ಮಾತ್ರೆಯನ್ನು ನಡುವೆ ನಿಲ್ಲಿಸುವುದು. ಯಾಕೆ ನಿಲ್ಲಿಸುತ್ತಾರೆ? ಆರಾಮಾಯಿತು ಎಂದು. ಹೊಟ್ಟೆಯುರಿ ಎಂದು. ಯಾರೋ ಬ್ಲಾಕ್ ಕರಗಿಸುವ ಕಷಾಯ ಹೇಳಿದರೆಂದು. ಹಲ್ಲು ಕೀಳಿಸುವಾಗ ರಕ್ತ ನಿಲ್ಲುವುದಿಲ್ಲ ಎಂದು. ಹಲ್ಲು ಕೀಳಿಸಲು ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸಬೇಕಿಲ್ಲ. ದಂತವೈದ್ಯರು ಹೊಲಿಗೆ ಹಾಕಿ, ಹತ್ತಿ ಒತ್ತಿ ರಕ್ತ ನಿಲ್ಲಿಸಬಲ್ಲರು. ಇನ್ನು ಟಿಕಾಗ್ರೆಲಾರ್ ಕೆಲವರಿಗೆ ಉಸಿರು ಸಾಲದಂತೆ ಮಾಡುತ್ತದೆ. ಅದು ಆ ಮಾತ್ರೆಯ ಗುಣವೆಂದು ಗೊತ್ತಿಲ್ಲದೆ ಹೃದಯ ಮತ್ತೆ ಕೆಟ್ಟಿತೆಂದು ನಡುರಾತ್ರಿ ಆಸ್ಪತ್ರೆಗೆ ಓಡಿದವರಿದ್ದಾರೆ. ತಾನಾಗಿ ಮಾತ್ರೆ ಬಿಟ್ಟವರೂ ಇದ್ದಾರೆ. ಹೃದ್ರೋಗ ವೈದ್ಯರಿಗೆ ಹೇಳಿದರೆ ಬದಲಿ ಮಾತ್ರೆ ಕೊಡುತ್ತಾರೆ.

ಹೃದಯದ ಸ್ಕ್ಯಾನಾದ ಎಕೋದ ವರದಿಯಲ್ಲಿ ‘ಇಎಫ್ 40’ ಎಂದು ಬರೆದಿರುತ್ತದೆ. ನೂರಕ್ಕೆ ನಲವತ್ತೇ ಎಂದು ಮನೆಯವರು ಎದೆ ಒಡೆದುಕೊಳ್ಳುತ್ತಾರೆ. ಗಟ್ಟಿಮುಟ್ಟಾದ ಹೃದಯದಲ್ಲೂ ಆ ಅಂಕಿ ನೂರಿರುವುದಿಲ್ಲ, 55ರಿಂದ 70ರ ಒಳಗಿರುತ್ತದೆ. ಪ್ರತಿ ಬಡಿತದಲ್ಲೂ ಎಡ ಹೃತ್ಕುಕ್ಷಿ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕವದು. ಇನ್ನೊಂದು ಸಮಾಧಾನದ ಸಂಗತಿ: ರಕ್ತ ಸಿಗದೆ ಕಂಗೆಟ್ಟ ಸ್ನಾಯುವೆಲ್ಲ ಸತ್ತಿರುವುದಿಲ್ಲ. ಸ್ವಲ್ಪ ಭಾಗ ಬರೀ ಸ್ತಬ್ಧವಾಗಿರುತ್ತದೆ, ರಕ್ತ ಮರಳಿದ ಮೇಲೆ ವಾರಗಳಲ್ಲಿ ಚೇತರಿಸಿಕೊಂಡು ಮತ್ತೆ ಕುಗ್ಗಿ ಹಿಗ್ಗತೊಡಗುತ್ತದೆ. ಅದಕ್ಕೇ ವೈದ್ಯರು ಒಂದೆರಡು ತಿಂಗಳ ನಂತರ ಎಕೋ ಮತ್ತೆ ಮಾಡಿಸಲು ಹೇಳುವುದು. ಭಾವನ ಅಂಕಿ 38ರಿಂದ 50ಕ್ಕೆ ಏರಿದ ದಿನ ಅಕ್ಕ ಕೇಸರಿಬಾತು ಮಾಡಿದಳು, ತುಪ್ಪ ಅರ್ಧ ಚಮಚ ಹಾಕಿ.

ಮನಸ್ಸಿನ ಚೇತರಿಕೆಯನ್ನು ಅಳೆಯುವ ಎಕೋ ಇಲ್ಲ. ಹೃದಯಾಘಾತವಾದ ಐವರಲ್ಲಿ ಒಬ್ಬರಂತೆ ಖಿನ್ನತೆಗೆ ಒಳಗಾಗುತ್ತಾರೆ, ಖಿನ್ನತೆಗೆ ಒಳಗಾದವರಲ್ಲಿ ಮುಂದಿನ ಹೃದಯದ ತೊಂದರೆಗಳೂ ಹೆಚ್ಚು. ನಮ್ಮಲ್ಲಿ ಅದು ಅಳುವಾಗಿ ಕಾಣಿಸುವುದು ಕಡಿಮೆ. ಸಿಡಿಮಿಡಿ, ಮೌನ, ಟಿವಿಯ ಮುಂದೆ ಬೆಳಗಿಂದ ರಾತ್ರಿಯವರೆಗೆ ಕೂರುವುದು, ‘ನನ್ನಿಂದ ಇನ್ನೇನಾಗುತ್ತೆ’ ಎಂಬ ಒಂದೇ ಮಾತು. ಮನೆಯವರು ಅದನ್ನು ವಿಶ್ರಾಂತಿ ಎಂದುಕೊಂಡು ಇನ್ನಷ್ಟು ವಿಶ್ರಾಂತಿ ಕೊಡುತ್ತಾರೆ. 2021ರ ಅಕ್ಟೋಬರಿನಲ್ಲಿ 46ರ ಪುನೀತ್ ಹೃದಯಾಘಾತದಿಂದ ತೀರಿಕೊಂಡಾಗ, 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿದ್ದಾಗ, ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ಆ ಸುದ್ದಿಗಳನ್ನು ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಮನೆಯಲ್ಲಿ ಕೂತು ಹೇಗೆ ಕೇಳಿಸಿಕೊಂಡಿರಬಹುದು ಎಂದು ಯೋಚಿಸಿ.

ಇದಕ್ಕೆಲ್ಲ ಒಂದು ಚಿಕಿತ್ಸೆ ಇದೆ. ಅದಕ್ಕೆ ಕಾರ್ಡಿಯಾಕ್ ರಿಹ್ಯಾಬಿಲಿಟೇಷನ್ ಎನ್ನುತ್ತಾರೆ: ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ವ್ಯಾಯಾಮ, ಊಟದ ತಿಳಿವಳಿಕೆ, ಮನಸ್ಸಿನ ಆರೈಕೆ, ಮನೆಯವರ ಜೊತೆ ಮಾತುಕತೆ. ಇದನ್ನು ಪಾಲಿಸಿದವರಲ್ಲಿ ಹೃದಯದ ಕಾರಣದ ಸಾವೂ, ಮತ್ತೆ ಆಸ್ಪತ್ರೆ ಸೇರುವುದೂ ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿವೆ. ಇಷ್ಟು ಅಗ್ಗದ, ಇಷ್ಟು ಗುಣವಿರುವ ಚಿಕಿತ್ಸೆ ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಸಿಗುವುದೇ ಇಲ್ಲ. ನಮ್ಮ ದೇಶದ 24 ಆಸ್ಪತ್ರೆಗಳ ಸುಮಾರು ನಾಲ್ಕು ಸಾವಿರ ಹೃದಯಾಘಾತದ ರೋಗಿಗಳ ಮೇಲೆ ಯೋಗಾಧಾರಿತ ಪುನಶ್ಚೇತನದ ಅಧ್ಯಯನವೊಂದು ನಡೆದು 2020ರಲ್ಲಿ ಪ್ರಕಟವಾಯಿತು. ಸಾವು, ಮರು ಆಘಾತ ಇವುಗಳಲ್ಲಿ ಸ್ಪಷ್ಟ ವ್ಯತ್ಯಾಸ ಸಾಬೀತಾಗಲಿಲ್ಲ. ಆದರೆ ಯೋಗ ಮಾಡಿದವರು ತಮ್ಮ ಆರೋಗ್ಯ ಉತ್ತಮವಾಗಿದೆ ಎಂದರು, ಹಿಂದಿನ ಕೆಲಸ ಕಾರ್ಯಗಳಿಗೆ ಹೆಚ್ಚು ಮರಳಿದರು. ದುಬಾರಿ ಯಂತ್ರ ಬೇಡದ ಇಂಥದ್ದನ್ನು ಜಿಲ್ಲಾಸ್ಪತ್ರೆಗಳಲ್ಲಿ ಯಾಕೆ ಶುರುಮಾಡಬಾರದು?

ಅದು ಇಲ್ಲದ ಊರಿನಲ್ಲಿ ನಡಿಗೆಯಿದೆ. ಹೃದಯ ತೀರ ದುರ್ಬಲವಾಗದವರಿಗೆ ವೈದ್ಯರು ಮನೆಯಂಗಳದ ಐದು ನಿಮಿಷದಿಂದ ಶುರುಮಾಡಿಸಿ, ವಾರ ವಾರಕ್ಕೂ ಏರಿಸುತ್ತ, ವಾರಕ್ಕೆ 150 ನಿಮಿಷ ಮುಟ್ಟಲು ಹೇಳುತ್ತಾರೆ. ನಡೆಯುವಾಗ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತಬಲ್ಲವರಿಗೆ ದಾಂಪತ್ಯದ ಸಂಬಂಧವೂ ಸಾಮಾನ್ಯವಾಗಿ ಸುರಕ್ಷಿತ. ಈ ಪ್ರಶ್ನೆಯನ್ನು ನಮ್ಮಲ್ಲಿ ರೋಗಿ ಕೇಳುವುದಿಲ್ಲ, ವೈದ್ಯರು ಹೇಳುವುದಿಲ್ಲ. ಗಂಡಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ವರ್ಷಗಟ್ಟಲೆ ಮಲಗುತ್ತಾರೆ. ಸಾರ್ಬಿಟ್ರೇಟ್‌ನಂಥ ನಾಲಿಗೆಯಡಿಯ ನೈಟ್ರೇಟ್ ಮಾತ್ರೆ ಬಳಸುವವರು ವಯಾಗ್ರದಂಥ ಮಾತ್ರೆಯನ್ನು ಮುಟ್ಟಲೇಬಾರದು, ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಹೇಳಲು ಸಂಕೋಚಪಟ್ಟು ಬಿಟ್ಟ ಈ ಒಂದು ವಾಕ್ಯ ಜೀವ ತೆಗೆಯಬಲ್ಲದು.

ಸ್ಟೆಂಟ್ ಸರಿಪಡಿಸುವುದು ಎರಡು ಮೂರು ಸೆಂಟಿಮೀಟರಿನಷ್ಟು ಜಾಗವನ್ನು. ಕಾಯಿಲೆ ಇರುವುದು ಇಡೀ ಧಮನಿಜಾಲದಲ್ಲಿ. ಸಿಗರೇಟು, ಬೀಡಿ, ತಂಬಾಕು ಬಿಟ್ಟು, ಸಕ್ಕರೆ ಕಾಯಿಲೆ, ಬಿಪಿ ಹಿಡಿತದಲ್ಲಿಟ್ಟು, ಸ್ಟ್ಯಾಟಿನ್ ಮಾತ್ರೆಯಿಂದ ಎಲ್‌ಡಿಎಲ್ ಕೊಲೆಸ್ಟರಾಲನ್ನು 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗೆ ತಂದರೆ ಉಳಿದ ನಾಳಗಳಿಗೆ ಉಳಿಗಾಲ. ಮನೆಯಲ್ಲಿ ಗಂಡಸಿಗೆ 55ರೊಳಗೆ, ಹೆಂಗಸಿಗೆ 65ರೊಳಗೆ ಅಟ್ಯಾಕ್ ಆಯಿತೆಂದರೆ ಅವರ ಒಡಹುಟ್ಟಿದವರು, ಮಕ್ಕಳು ಕೂಡ ಕೊಲೆಸ್ಟರಾಲ್, ಸಕ್ಕರೆ, ಬಿಪಿ ನೋಡಿಸಿಕೊಳ್ಳಬೇಕು. ಅಪ್ಪನ ಸಿಡಿಯನ್ನು ನಾಲ್ಕು ಡಾಕ್ಟರರಿಗೆ ತೋರಿಸಿ ಬರುವ ಮಗ ತನ್ನ ರಕ್ತಪರೀಕ್ಷೆಗೆ ಹೋಗಿರುವುದಿಲ್ಲ. ನಮ್ಮ ಮನೆಯಲ್ಲೂ ಅಕ್ಕ ಹಟ ಹಿಡಿದು ಕರೆದುಕೊಂಡು ಹೋದ ಮೇಲೆ ಗೊತ್ತಾದದ್ದು: ಮೂವತ್ತು ದಾಟಿದ ಅವಳ ಮಗನ ಎಲ್‌ಡಿಎಲ್ 190ರ ಮೇಲಿತ್ತು. ಅವನಿಗೆ ಅದೇ ವಾರ ಸ್ಟ್ಯಾಟಿನ್ ಶುರುವಾಯಿತು, ಅವನ ತಂಗಿಗೂ ಪರೀಕ್ಷೆ ಮಾಡಿಸಲು ವೈದ್ಯರು ಬರೆದುಕೊಟ್ಟರು.